ಅರ್ಧ ಬಾನೆಟ್

ಕಪ್ಪು ಕಾರು ಕೊಳ್ಳುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ನನ್ನ ಹೊಟ್ಟೆ ತುಂಬಿಸುವವರೂ ಅವರೇ ಆದ್ದರಿಂದ ಬಾಯಿಬಿಟ್ಟು ಹೇಳುವುದಿಲ್ಲ. ಬಿಳಿ ಕಾರು ಎಷ್ಟೋ ತಪ್ಪುಗಳನ್ನು ಮುಚ್ಚಿಟ್ಟುಕೊಳ್ಳುತ್ತದೆ. ಕಪ್ಪು ಕಾರಿಗೆ ಆ ಗುಣವಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಸಾಕು, ಯಾರು ಹೇಗೆ ಒರೆಸಿದರು ಎಂಬುದನ್ನೆಲ್ಲ ಊರಿಗೆ ಸಾರುತ್ತದೆ.

ಆ ಕಾರು ನನ್ನ ಅಂಗಡಿಗೆ ಬಂದದ್ದು ಸಂಕ್ರಾಂತಿ ಕಳೆದು ಬಿಸಿಲು ಚುರುಕಾಗುತ್ತಿದ್ದ ದಿನಗಳಲ್ಲಿ. ಚಂದ್ರಾ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗ ನನ್ನದು. ಕಾರಿನ ಬಣ್ಣದ ಮೇಲಿನ ಸಣ್ಣ ಗೀರುಗಳನ್ನು ತೆಗೆದು ಹೊಳಪು ತರುವುದು ನನ್ನ ಕೆಲಸ. ಹೆಂಗಸು ಪಾಲಿಶ್ ಮಷಿನ್ ಹಿಡಿದಿರುವುದನ್ನು ನೋಡಿಯೂ ‘ಓನರ್ ಇಲ್ವಾ ಆಂಟಿ?’ ಎಂದು ಕೇಳುವವರು ಈಗಲೂ ಇದ್ದಾರೆ. ಆ ಕಾರು ತಂದ ಹಲ್ಲಿನ ಡಾಕ್ಟರ್ ಹಾಗೆ ಕೇಳಲಿಲ್ಲ. ಅಲ್ಲಿಗೇ ಆಕೆ ನನಗೆ ಹಿಡಿಸಿದರು.

ಅತ್ತಿಗುಪ್ಪೆಯಲ್ಲಿ ಅವರ ಕ್ಲಿನಿಕ್. ನಲವತ್ತರ ಆಸುಪಾಸಿನ ಚುರುಕು ಹೆಂಗಸು. ಮಾತು ಶುರು ಮಾಡುವ ಮೊದಲೇ ಕಾರನ್ನು ನೆರಳಿನಿಂದ ಬಿಸಿಲಿಗೆ ತಂದು ನಿಲ್ಲಿಸಿ, “ನೋಡಿ” ಎಂದರು. ನೋಡಿದೆ. ಬಾನೆಟ್ ಮೇಲೆ ಸೂರ್ಯ ಬಿದ್ದ ಕಡೆಯೆಲ್ಲ ಜೇಡರ ಬಲೆ. ಒಂದೊಂದೂ ಕೂದಲಿಗಿಂತ ತೆಳುವಾದ ಗೀರು, ಆದರೆ ಲೆಕ್ಕವಿಲ್ಲದಷ್ಟು.

“ನನ್ನ ಸ್ವಂತ ದುಡಿಮೇಲಿ ತಗೊಂಡ ಮೊದಲನೇ ಕಾರು ಮೇಡಂ. ಇನ್ನೂ ಹೊಸದು. ನಮ್ಮ ರೋಡಲ್ಲಿ ಬೆಳಿಗ್ಗೆ ಕಾರ್ ತೊಳ್ಯೋಕೆ ಒಬ್ಳು ಬರ್ತಾಳೆ, ಅವಳ ಕೆಲಸಾನೇ ಇದು ಅನ್ಸತ್ತೆ. ಪಕ್ಕದ ಮನೆಯವರೂ ಅವಳೇ ಅಂತಾರೆ. ಸದ್ಯಕ್ಕೆ ಬರ್ಬೇಡ ಅಂದಿದೀವಿ. ಭಾನುವಾರ ರೋಡಿನವರೆಲ್ಲ ಸೇರಿ ತೀರ್ಮಾನ ಮಾಡ್ತೀವಿ.”

“ಎಲ್ಲಾ ಮನೆಯವರೂ ಬಿಡಿಸಿಬಿಡ್ತಾರಾ?”

“ನಾನು ಹೌದು ಅಂದ್ರೆ ಬಿಡಿಸ್ತಾರೆ. ಅದಕ್ಕೇ ನಿಮ್ಮ ಹತ್ರ ಬಂದೆ. ಕಣ್ಣಾರೆ ನಾನೇನೂ ನೋಡಿಲ್ಲ. ಸುಮ್ನೆ ಒಬ್ರ ಹೊಟ್ಟೆ ಮೇಲೆ ಹೊಡ್ಯೋದು ನಂಗೆ ಬೇಡ. ನೀವು ದಿನಾ ಇದನ್ನೇ ನೋಡೋರು, ತೊಳ್ದಿದ್ದಕ್ಕೇ ಆಗಿದ್ದಾ ಅಂತ ನೋಡಿ ಹೇಳಿ.”

ಸಿಟ್ಟಿನಲ್ಲಿದ್ದೂ ನ್ಯಾಯದ ಮಾತಾಡುವವರು ಕಡಿಮೆ. “ಮೇಲ್ನೋಟಕ್ಕೆ ಒಣ ಬಟ್ಟೆ ಉಜ್ಜಿದ್ದು. ಯಾರ ಕೈ ಅಂತ ಈಗ್ಲೇ ಹೇಳೋಕಾಗಲ್ಲ. ಪೂರ್ತಿ ನೋಡಿ ಶನಿವಾರ ಹೇಳ್ತೀನಿ ಡಾಕ್ಟ್ರೇ” ಎಂದೆ. ಒಣ ಬಟ್ಟೆ ಎಂದದ್ದಷ್ಟೇ ಅವರ ಕಿವಿಗೆ ಬಿತ್ತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಮನೆಯಲ್ಲಿ ಬೇರೆ ಯಾರಾದರೂ ಕಾರು ಮುಟ್ಟುತ್ತಾರಾ ಎಂದು ಕೇಳಿದೆ.

“ಯಾರೂ ಇಲ್ಲ. ನಮ್ಮ ಮನೆಯವರು ಮೆಟ್ರೋಲಿ ಹೋಗ್ತಾರೆ. ಮಾವ ಪೂಜೆ ಮುಗಿಸ್ಕೊಂಡು ಬಂದು ಒಂದು ಕುಂಕುಮ ಇಡ್ತಾರೆ, ಅಷ್ಟೇ.”

ನಂಬರ್ ಪ್ಲೇಟಿನ ಮೇಲ್ಗಡೆ ಆ ಕುಂಕುಮ ಇತ್ತು. ಅರ್ಧ ಬೆಂಗಳೂರಿನ ಕಾರುಗಳಿಗೆ ಇರುತ್ತದೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಗೀರು ತೆಗೆಯುವುದೆಂದರೆ ನಿಜಕ್ಕೂ ಗೀರನ್ನು ತೆಗೆಯುವುದಲ್ಲ. ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ. ಗೀರು ಬಿದ್ದಿರುವುದು ಅದರಲ್ಲಿ. ಗೀರಿನ ಆಳದವರೆಗೆ ಸುತ್ತಲಿನ ಪದರವನ್ನೇ ಸವೆಸಿ ಸಮ ಮಾಡಬೇಕು. ಹಾಗೆ ಸವೆಸಿದ್ದು ಮತ್ತೆ ಬೆಳೆಯುವುದಿಲ್ಲ. ಇದನ್ನು ಗಿರಾಕಿಗಳಿಗೆ ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ಡಾಕ್ಟರಿಗೆ ಮಾತ್ರ ಒಂದೇ ಸಲಕ್ಕೆ ಹತ್ತಿತು. “ಹಲ್ಲಿನ ಎನಾಮೆಲ್ ಥರ” ಎಂದರು. ನನಗೂ ಅಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಅವರು ಹೋದ ಮೇಲೆ ಕಾರನ್ನು ತೊಳೆದೆ. ಒಂದು ಬಕೆಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕೈಗವಸು ಜಾಲಿಸುವ ಬರೀ ನೀರು. ಆಮೇಲೆ ಜಾರುವ ದ್ರವ ಚಿಮುಕಿಸಿ, ಮಿದುವಾದ ಅಂಟಿನ ಮುದ್ದೆಯನ್ನು ಮೈತುಂಬ ಓಡಾಡಿಸಿ, ನೀರಿಗೂ ಜಗ್ಗದೆ ಕೂತಿದ್ದ ಧೂಳಿನ ಕಣಗಳನ್ನು ಎಬ್ಬಿಸಿದೆ. ರಬ್ಬರ್ ಅಂಚುಗಳಿಗೆಲ್ಲ ಟೇಪು ಹಚ್ಚಿ, ಷಟರ್ ಎಳೆದು, ಕೈದೀಪ ಹೊತ್ತಿಸಿದೆ. ನನ್ನ ಅಂಗಡಿಯ ಆಸ್ತಿಯೆಂದರೆ ಆ ದೀಪ. ಅದರ ಮುಂದೆ ಯಾವ ಕಾರೂ ಸುಳ್ಳು ಹೇಳಲಾರದು.

ದೀಪ ಹಿಡಿದು ಒಂದು ಸುತ್ತು ಬಂದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಬಾನೆಟ್ ತುಂಬ ಗೀರು, ಬಾಗಿಲುಗಳ ಮೇಲೆ ಅದಕ್ಕಿಂತ ಕಡಿಮೆ. ಸ್ಟೂಲ್ ಹತ್ತಿ ಟಾಪ್ ನೋಡಿದೆ. ಟಾಪ್ ಬಹುಪಾಲು ನುಣ್ಣಗಿತ್ತು. ಕಾರು ತೊಳೆಯುವವರು ಟಾಪಿನಿಂದ ಶುರುಮಾಡುತ್ತಾರೆ, ಬಾಗಿಲು ತೆರೆದು ಅಂಚಿನ ಮೇಲೆ ನಿಂತಾದರೂ ಒರೆಸುತ್ತಾರೆ. ಅವಳ ಬಟ್ಟೆಯಿಂದ ಗೀರು ಬಿದ್ದಿದ್ದರೆ ಟಾಪ್ ಏಕೆ ಉಳಿಯಿತು? ಇಲ್ಲಿ ಉಜ್ಜಿದ ಕೈ ಭುಜದಿಂದ ಮೇಲಕ್ಕೆ ಏಳದ ಕೈ. ಗೀರುಗಳೂ ಉದ್ದುದ್ದ ಇರಲಿಲ್ಲ. ಸಣ್ಣ ಸಣ್ಣ ವೃತ್ತಗಳು, ಒಂದರ ಮೇಲೊಂದು. ಅವಸರದಲ್ಲಿ ಮನೆಯಿಂದ ಮನೆಗೆ ಓಡುವವರು ಹೀಗೆ ಕೂತು ತಿಕ್ಕುವುದಿಲ್ಲ.

ಮೊದಲು ಎಡಗಡೆಯ ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿದೆ. ಮೆತ್ತನೆಯ ಸ್ಪಂಜಿಗೆ ನಯವಾದ ಪಾಲಿಶ್ ಹಾಕಿ ಮಷಿನ್ ಓಡಿಸಿದರೆ ಗೀರುಗಳು ಮಸುಕಾದವೇ ಹೊರತು ಹೋಗಲಿಲ್ಲ. ಗಟ್ಟಿ ಸ್ಪಂಜಿಗೆ ಬದಲಿಸಿದೆ. ಗೀರು ಹೋಯಿತು, ಆದರೆ ಅದರ ಜಾಗದಲ್ಲಿ ಹಾಲಿನ ಕೆನೆಯಂತೆ ಮಬ್ಬು ಕಟ್ಟಿತು. ಆ ಬಣ್ಣ ಅಷ್ಟು ಮೆದು. ಮಷಿನ್ನಿನ ವೇಗ ಇಳಿಸಿದೆ, ಒತ್ತಡ ಇಳಿಸಿದೆ, ಪಾಲಿಶ್ ಬದಲಿಸಿದೆ. ಪ್ರತಿ ಸಲವೂ ಸ್ಪಿರಿಟ್ಟಿನಿಂದ ಎಣ್ಣೆ ಜಿಡ್ಡು ಒರೆಸಿ ನೋಡಿದರೆ ಮಬ್ಬು ಅಲ್ಲೇ ನಿಂತು ನನ್ನನ್ನು ಅಣಕಿಸುತ್ತಿತ್ತು. ನನಗೆ ರೇಗಿತು. ನನಗೆ ರೇಗಿದರೆ ಮಷಿನ್ ಕೆಳಗಿಟ್ಟು ಟೀ ಕುಡಿಯುವುದು ಅಂಗಡಿಯ ನಿಯಮ. ಸಿಟ್ಟಿನ ಕೈಗೆ ಎಷ್ಟು ಒತ್ತುತ್ತಿದ್ದೇನೆ ಎಂಬುದು ತಿಳಿಯುವುದಿಲ್ಲ.

ಟೀ ಲೋಟ ಹಿಡಿದು ಬಾನೆಟ್ಟನ್ನೇ ನೋಡುತ್ತ ಕೂತಾಗ, ಮುಂಭಾಗದ ಲಾಂಛನದ ಸಂದಿಯಲ್ಲಿ ಬಿಳಿ ಪುಡಿ ಕಂಡಿತು. ಬಾನೆಟ್ ಅಂಚಿನ ಸಂದಿಯಲ್ಲೂ ಇತ್ತು. ಓಹೋ, ಯಾವನೋ ಪಾಲಿಶ್‌ನವನು ಕಾಂಪೌಂಡ್ ಎನ್ನುವ ಅಗ್ಗದ ಉಜ್ಜುವ ಪೇಸ್ಟ್ ಹಾಕಿ ಕೆಡಿಸಿ ಕಳಿಸಿದ್ದಾನೆ ಎಂದುಕೊಂಡೆ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಬೇರೆ ಕಡೆ ಪಾಲಿಶ್ ಮಾಡಿಸಿದ್ದಿರಾ ಎಂದು ಕೇಳಿದೆ. “ಇಲ್ಲ ಮೇಡಂ, ನೀವೇ ಮೊದಲು” ಎಂದರು. ನಂಬಿಕೆ ಬರಲಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಆ ಪುಡಿಯನ್ನು ಸ್ವಲ್ಪ ತೆಗೆದು ಕಾಗದದ ಮೇಲಿಟ್ಟುಕೊಂಡೆ.

ಮರುದಿನ ಷಟರ್ ಎತ್ತುವ ಹೊತ್ತಿಗೆ ಒಬ್ಬಳು ಹೆಂಗಸು ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ ತುಂಬ ಮಡಿಚಿಟ್ಟ ಬಟ್ಟೆಗಳು. ಮುಖದಲ್ಲಿ ಅಳುವೂ ಇಲ್ಲ, ಅಂಗಲಾಚುವ ನೋಟವೂ ಇಲ್ಲ.

“ಆ ಕರೀ ಕಾರ್ ಇಲ್ಲೇ ಐತ್ರೀ ಅಕ್ಕಾರ? ನಾ ಅದನ್ನ ತೊಳ್ಯಾಕಿ. ಡಾಕ್ಟರ್ ಬಾಯಾರು ನೀವು ಹೇಳಿದಂಗ ಆಗ್ತೈತಿ ಅಂದ್ರು. ಅದಕ್ಕ ನನ್ನ ಅರಿವಿ ತಂದೀನಿ. ನೋಡ್ರಿ. ನನ್ನಿಂದ ಆಗಿದ್ರ ಮುಖದ ಮ್ಯಾಲೆ ಹೇಳಿಬಿಡ್ರಿ, ನಾ ಹೊಳ್ಳಿ ಆ ರೋಡಿಗೆ ಕಾಲಿಡಂಗಿಲ್ಲ.”

ರಾಯಚೂರು ಕಡೆಯವಳಂತೆ. ಮಲ್ಲತ್ತಹಳ್ಳಿಯಲ್ಲಿ ಮನೆ. ಆ ಒಂದು ರಸ್ತೆಯ ಕಾರುಗಳೇ ಅವಳ ದುಡಿಮೆ. ನನ್ನ ತೀರ್ಪಿಗೆ ತಾನಾಗಿ ತಲೆಕೊಡಲು ಬಂದವಳನ್ನು ನೋಡಿ ನನಗೆ ಮೆಚ್ಚುಗೆಯಾಯಿತು. ಆದರೆ ನನ್ನ ಕಸುಬಿನಲ್ಲಿ ಮೆಚ್ಚುಗೆಯ ಮೇಲೆ ತೀರ್ಪು ಕೊಡಲಾಗುವುದಿಲ್ಲ. ಕೈ ಅಭ್ಯಾಸಕ್ಕೆಂದು ಗುಜರಿಯಿಂದ ತಂದ ಕಪ್ಪು ಬಾನೆಟ್ ಒಂದು ನನ್ನ ಬಳಿ ಇದೆ. ಅದರ ಒಂದು ಭಾಗವನ್ನು ಕನ್ನಡಿಯಂತೆ ತಿದ್ದಿ, ರಸ್ತೆಯ ಧೂಳನ್ನೇ ತಂದು ಉದುರಿಸಿ, “ತೊಳಿ ನೋಡೋಣ” ಎಂದೆ.

ಅವಳು ಕೂಡಲೇ ಬಟ್ಟೆ ಮುಟ್ಟಲಿಲ್ಲ. ಮೊದಲು ಚೊಂಬಿನಿಂದ ನೀರು ಹಾಯಿಸಿ ಧೂಳನ್ನು ಇಳಿಸಿದಳು, ಮತ್ತೆ ಹಾಯಿಸಿದಳು. ಆಮೇಲೆ ತೋಯ್ದ ಬಟ್ಟೆಯನ್ನು ಅಗಲವಾಗಿ ಹರಡಿ, ಎರಡೂ ತುದಿ ಹಿಡಿದು, ಮೇಲಿನಿಂದ ತನ್ನ ಕಡೆಗೆ ನೇರವಾಗಿ ಎಳೆದಳು. ಒತ್ತಲಿಲ್ಲ. ಮಲಗಿದ ಕೂಸಿನ ಮೈಮೇಲಿಂದ ಹೊದಿಕೆ ಸರಿಸುವ ಹಾಗೆ ಇತ್ತು. ಪ್ರತಿ ಸಲ ಎಳೆದ ಮೇಲೆ ಬಟ್ಟೆಯ ಮಗ್ಗುಲು ಬದಲಿಸಿದಳು. ದೀಪ ಹಿಡಿದು ನೋಡಿದೆ. ಎಲ್ಲೋ ಒಂದೆರಡು ನೇರ ಗೆರೆ, ಕಂಡೂ ಕಾಣದಷ್ಟು. ವೃತ್ತ ಒಂದೂ ಇರಲಿಲ್ಲ.

“ಈ ಗೀರು ನಿಂದಲ್ಲ ಬಿಡು. ನೀನು ತೊಳ್ದು ಹೋದ್ಮೇಲೆ ಇದನ್ನ ಯಾರು ಉಜ್ತಾರೆ?” ಎಂದು ಕೇಳಿದೆ.

ಅಷ್ಟು ಹೊತ್ತು ಪಟಪಟನೆ ಮಾತಾಡಿದವಳು ಬಟ್ಟೆ ಹಿಂಡುವುದರಲ್ಲಿ ಮುಳುಗಿಬಿಟ್ಟಳು. ನಾನು ಕಾಗದದ ಮೇಲಿನ ಬಿಳಿ ಪುಡಿಯನ್ನು ತಂದು ಅವಳ ಮುಂದೆ ಹಿಡಿದೆ. ಹಿಡಿದಾಗ ನನ್ನ ಮೂಗಿಗೆ ವಾಸನೆ ಬಡಿಯಿತು. ಹಿಂದಿನ ದಿನ ಪಾಲಿಶ್ ವಾಸನೆಯ ನಡುವೆ ತಿಳಿದಿರಲಿಲ್ಲ. ಕಾಂಪೌಂಡಿಗೆ ಹೀಗೆ ದೇವರ ಮನೆಯ ವಾಸನೆ ಇರುವುದಿಲ್ಲ. ಅದು ವಿಭೂತಿ.

ಮನೆಯಲ್ಲಿ ಹಬ್ಬದ ಹಿಂದಿನ ದಿನ ಬೆಳ್ಳಿ ದೀಪಗಳಿಗೆ ನಾನೂ ವಿಭೂತಿ ಹಾಕಿ ಉಜ್ಜುತ್ತೇನೆ. ಒಣ ಬಟ್ಟೆ, ಚಿಟಿಕೆ ವಿಭೂತಿ, ಸಣ್ಣ ಸಣ್ಣ ವೃತ್ತ. ಕರಿಕಟ್ಟಿದ ಬೆಳ್ಳಿ ಥಳಥಳ ಹೊಳೆಯುತ್ತದೆ. ಬಾನೆಟ್ ಮೇಲಿನ ವೃತ್ತಗಳೆಲ್ಲ ಒಂದೇ ಏಟಿಗೆ ಅರ್ಥವಾದವು.

“ಡಾಕ್ಟರ್ ಮಾವನವರಾ?” ಎಂದೆ.

“ನೀವು ನೋಡಿಲ್ಲ ಅಂತ ತಿಳ್ಕೋರಿ ಅಕ್ಕಾರ.”

“ಚೆನ್ನಾಗಿದೆ! ನಿನ್ನ ಅನ್ನಕ್ಕೇ ಕಲ್ಲು ಬೀಳ್ತಾ ಇದೆ, ಬಾಯಿ ಮುಚ್ಕೊಂಡಿದ್ಯಲ್ಲ? ಅವರಾದ್ರೂ ಹೇಳ್ಬಾರ್ದಿತ್ತಾ?”

“ಅಜ್ಜಾರಿಗೆ ಗೊತ್ತೇ ಇಲ್ರೀ. ನಾ ರಜಾ ಮ್ಯಾಲೆ ಹೋಗೀನಿ ಅಂತ ಹೇಳ್ಯಾರ ಅವರಿಗೆ. ಮುಂಜಾನಿ ನಾ ಬರೂದ್ರಾಗ ಗೇಟಿನ್ಯಾಗ ನಿಂತಿರ್ತಾರ. ನಾ ತೊಳದು ಮುಂದಿನ ಮನಿಗೆ ಹೋದಮ್ಯಾಲೆ ಅವರ ಪಾಳಿ. ಪೂಜಿ ಮುಗಿಸಿ, ಹಳೇ ಪಂಜಿ ತುಂಡು ತಂದು, ಮನ್ಯಾಗಿನವರು ಏಳೂದ್ರಾಗ ತಾಸಗಟ್ಲೆ ತಿಕ್ತಾರ. ಒಮ್ಮಿ ಹೇಳೀನ್ರೀ, ಅಜ್ಜಾರ ಒಣಾ ಅರಿವಿಲೆ ತಿಕ್ಕಬ್ಯಾಡ್ರಿ ಅಂತ. ಏ, ಬೆಳ್ಳೀನೇ ಹಿಂಗೆ ತಿಕ್ಕೋದು ಕಣಮ್ಮ ಅಂತ ನಕ್ರು.”

“ಹಂಗಿದ್ರೆ ಡಾಕ್ಟ್ರಿಗೆ ಹೇಳ್ಬೇಕಿತ್ತು.”

ಅವಳು ಹಿಂಡಿದ ಬಟ್ಟೆಯನ್ನು ಬಕೆಟಿನ ಅಂಚಿಗೆ ಹರಡಿದಳು. “ಕಣ್ಣಿನ ಆಪರೇಷನ್ ಆದಮ್ಯಾಲೆ ಅವರ ಸ್ಕೂಟರ್ ಮಾರಿದ್ರು. ಕಾರಿನ ಕೀಲಿ ಮುಟ್ಟಬ್ಯಾಡ್ರಿ ಅಂದ್ರು. ಛಲೋದಕ್ಕ ಹೇಳ್ಯಾರ, ತಪ್ಪಲ್ಲ. ಆದ್ರ ಈಗ ಆ ಕಾರ್ ತಿಕ್ಕೂದೊಂದ ಉಳದೈತಿ ಅವರಿಗೆ. ಅದನ್ನೂ ಕಸ್ಕೊಂಡ್ರ ಅಜ್ಜಾರು ಮುಂಜಾನಿ ಎದ್ದು ಏನ್ ಮಾಡಬೇಕ್ರೀ? ನನಗ ಬ್ಯಾರೆ ರೋಡ್ ಸಿಗ್ತೈತಿ.”

ಬೇರೆ ರಸ್ತೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒಂದು ರಸ್ತೆಯಲ್ಲಿ ಹೆಸರು ಕೆಟ್ಟರೆ ಸುದ್ದಿ ಮುಂದಿನ ರಸ್ತೆಗೆ ಅವಳಿಗಿಂತ ಮೊದಲೇ ತಲುಪಿರುತ್ತದೆ. ಹೋಗುವ ಮುಂಚೆ, ಅಜ್ಜನ ಹೆಸರು ಎತ್ತುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡೇ ಹೋದಳು. ಅವಳ ಬೆನ್ನು ನೋಡುತ್ತ ನಿಂತಾಗ, ಇಂಥ ಹೆಂಗಸನ್ನು ನನ್ನ ಬಾಯಿಂದ ಬೀದಿಪಾಲು ಮಾಡಿದರೆ ಈ ದೀಪ ಹಿಡಿಯುವ ಯೋಗ್ಯತೆ ನನಗಿಲ್ಲ ಅನ್ನಿಸಿತು.

ಬಾನೆಟ್ ಮುಂದೆ ಬಂದು ನಿಂತೆ. ಡಾಕ್ಟರಿಗೆ ‘ತೊಳೆದದ್ದರಿಂದ ಆದದ್ದಲ್ಲ’ ಎಂದಷ್ಟೇ ಹೇಳಬಹುದಿತ್ತು. ಹಾಗಿದ್ದರೆ ಮತ್ಯಾರು ಎಂದು ಅವರು ಕೇಳದೆ ಬಿಡುವವರಲ್ಲ. ಕೇಳದಿದ್ದರೂ ಸೋಮವಾರ ಬೆಳಿಗ್ಗೆ ವಿಭೂತಿಯ ಪಂಚೆ ಮತ್ತೆ ಹೊರಬರುತ್ತದೆ, ಸ್ವಲ್ಪ ಕಾಲಕ್ಕೆ ಜೇಡರ ಬಲೆ ಮತ್ತೆ ಹೆಣೆದುಕೊಳ್ಳುತ್ತದೆ, ತಪ್ಪು ಮತ್ತೆ ಅವಳ ತಲೆಗೇ ಬರುತ್ತದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ತೋರಿಸುವುದಿಲ್ಲ ಎಂದು ಕೊಟ್ಟಿರಲಿಲ್ಲ.

ಬಾನೆಟ್ಟಿನ ನಡುವೆ ಮೇಲಿನಿಂದ ಕೆಳಗೆ ಟೇಪಿನ ಒಂದು ಗೆರೆ ಎಳೆದೆ. ಎಡಭಾಗ ಮಾತ್ರ ತಿದ್ದುವುದು, ಬಲಭಾಗ ಇದ್ದಂತೆ ಬಿಡುವುದು. ಗಟ್ಟಿ ಸ್ಪಂಜಿನ ಆಸೆ ಬಿಟ್ಟೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದರೆ ಅಂಚುಗಳಲ್ಲಿ ಪದರ ತೀರಾ ತೆಳುವಿತ್ತು, ಅಲ್ಲಿ ಜೋರು ಮಾಡಿದರೆ ಬಣ್ಣವೇ ಸುಟ್ಟು ಬರುತ್ತಿತ್ತು. ಆಳದ ಕೆಲವು ಗೀರು ಉಳಿದರೆ ಉಳಿಯಲಿ ಎಂದು ನಿರ್ಧರಿಸಿ, ಮೆತ್ತನೆಯ ಸ್ಪಂಜು, ಕಡಲೆಕಾಳಿನಷ್ಟು ಪಾಲಿಶ್, ಇಳಿಸಿದ ವೇಗದಲ್ಲಿ ಅಂಗೈಯಗಲ ಅಂಗೈಯಗಲವೇ ಸಾಗಿದೆ. ಸ್ಪಂಜು ಬಿಸಿಯಾದರೆ ಬದಲಿಸಿದೆ. ಮುಗಿದಲ್ಲೆಲ್ಲ ಸ್ಪಿರಿಟ್ ಒರೆಸಿ ದೀಪ ಹಿಡಿದೆ. ಈ ಸಲ ಮಬ್ಬು ಕಟ್ಟಲಿಲ್ಲ. ಬೆನ್ನು ನೋಯುವ ಹೊತ್ತಿಗೆ ಎಡಭಾಗದಲ್ಲಿ ನನ್ನ ದೀಪ ಒಂದೇ ಒಂದು ಚುಕ್ಕಿಯಾಗಿ ಕಾಣುತ್ತಿತ್ತು, ಬಲಭಾಗದಲ್ಲಿ ಅದೇ ದೀಪ ಸಾವಿರ ಎಳೆಗಳಾಗಿ ಚದುರಿತ್ತು.

ಡಾಕ್ಟರಿಗೆ ಫೋನ್ ಮಾಡಿ, “ಶನಿವಾರ ಬರುವಾಗ ನಿಮ್ಮ ಮಾವನವರನ್ನೂ ಕರ್ಕೊಂಡು ಬನ್ನಿ. ಪೂಜೆ ಮಾಡೋರು ಅವರು. ಪಾಲಿಶ್ ಆದ್ಮೇಲೆ ಹೆಂಗೆ ನೋಡ್ಕೋಬೇಕು ಅಂತ ಅವರಿಗೂ ಗೊತ್ತಿರ್ಲಿ” ಎಂದೆ.

ಶನಿವಾರ ಬಂದರು. ಮಾವನವರು ತೆಳ್ಳಗಿನ, ಭುಜ ಬಾಗಿದ ಆಳು, ದಪ್ಪ ಕನ್ನಡಕ, ಹಣೆಯಲ್ಲಿ ಅಚ್ಚುಕಟ್ಟಾದ ಮೂರು ಬೆರಳಿನ ವಿಭೂತಿ. ಅಂಗಡಿಗೆ ಕಾಲಿಟ್ಟವರು ನನ್ನನ್ನು ನೋಡುವ ಮೊದಲು ಕಾರನ್ನು ನೋಡಿದರು. ಬಹಳ ದಿನ ಊರಲ್ಲಿಲ್ಲದ ಮೊಮ್ಮಗಳನ್ನು ನೋಡುವಂತಿತ್ತು ಆ ನೋಟ. ಏನೂ ವಿವರಿಸದೆ, ದೀಪ ಹೊತ್ತಿಸಿ, ಮೊದಲು ಎಡಕ್ಕೆ ಹಿಡಿದೆ, ಆಮೇಲೆ ಟೇಪಿನ ಗೆರೆ ದಾಟಿಸಿ ಬಲಕ್ಕೆ ತಂದೆ.

“ಇದೇನಮ್ಮ ಇಲ್ಲಿ, ಸುತ್ತು ಸುತ್ತು?” ಎಂದು ಬಗ್ಗಿದರು.

“ಯಾರೋ ಒಣ ಬಟ್ಟೇಲಿ ಉಜ್ಜಿದ ಗುರುತು ಸಾರ್.”

ಅವರ ಬಲಗೈ ತಾನಾಗಿ ಮೇಲೆದ್ದು, ಬಾನೆಟ್ ಮುಟ್ಟದೆ, ಗಾಳಿಯಲ್ಲಿ ಆ ವೃತ್ತಗಳ ಮೇಲೆ ಒಂದು ಸುತ್ತು ಸುತ್ತಿತು. ಮತ್ತೊಂದು ಸುತ್ತು. ಅಷ್ಟೇ, ಕೈ ನಿಂತುಹೋಯಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇದು ನಂದೇ ಕೆಲಸ ಕಣಮ್ಮ” ಎಂದು ಸೊಸೆಯ ಕಡೆ ತಿರುಗಿದರು. “ದಿನಾ ವಿಭೂತಿ ಹಾಕಿ ಉಜ್ಜಿದ್ದು ನಾನು. ನಿನ್ನ ಕಾರು ಹೊಳೀಲಿ ಅಂತ. ತೊಳ್ಯೋ ಹುಡುಗಿ ಬೇಡ ಅಂದಿದ್ಲು, ನಾನೇ ಕೇಳ್ಲಿಲ್ಲ.”

ಡಾಕ್ಟರ್ ಬಾನೆಟ್ ನೋಡಿದರು, ಮಾವನನ್ನು ನೋಡಿದರು. ಒಂದು ಗಳಿಗೆ ಮುಖ ಕೆಂಪಾಯಿತು. ಆಮೇಲೆ, ಮುಚ್ಚಿಡುವುದು ಆಕೆಯ ಸ್ವಭಾವದಲ್ಲಿ ಇಲ್ಲವಲ್ಲ, ಹೇಳಿಯೇಬಿಟ್ಟರು: “ಮಾವಾ, ಅವಳು ರಜೆ ಮೇಲೆ ಹೋಗಿಲ್ಲ. ಇದಕ್ಕೇ ನಾವು ಬರ್ಬೇಡ ಅಂದಿದೀವಿ. ನಾಳೆ ಎಲ್ಲರೂ ಸೇರಿ ಬಿಡಿಸೋದಿತ್ತು.”

ಮುದುಕರು ಸೊಸೆಯ ಮುಖ ನೋಡಿದರು. “ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ಹೇಳ್ಲಿಲ್ವಾ?” ಎಂದು ಕೇಳಿದರು. ಆಗಲೇ ಕಾರಿನ ಬಾಗಿಲಿಗೆ ಕೈ ಹಾಕಿದ್ದರು. “ನಡಿ ಈಗ್ಲೇ. ಅವಳ ಮನೆ ಎಲ್ಲಿ?”

“ಮಲ್ಲತ್ತಹಳ್ಳಿ. ಆದ್ರೆ ಮಾವಾ, ಕಾರು ಅರ್ಧ ಆಗಿದೆ.”

“ಅರ್ಧದಲ್ಲೇ ಹೋಗೋಣ. ಅವಳೂ ನೋಡ್ಲಿ. ನಾಳೆ ರೋಡಿನವರ ಮುಂದೆ ನಾನೇ ಹೇಳ್ತೀನಿ.”

ನನ್ನ ಕೆಲಸದಲ್ಲಿ ಎಷ್ಟೋ ಗೀರುಗಳನ್ನು ನೋಡಿದ್ದೇನೆ. ಬಿದ್ದ ಗೀರಿಗೆ ನೆರೆಯವನನ್ನು, ಡ್ರೈವರನ್ನು, ಬೆಕ್ಕನ್ನು ಬೈದವರನ್ನು ಕಂಡಿದ್ದೇನೆ. ದೀಪ ಹಿಡಿದ ಕೂಡಲೇ ನಂದು ಎಂದವರನ್ನು ಅವರೊಬ್ಬರನ್ನೇ ಕಂಡದ್ದು. ಬಾನೆಟ್ ನಡುವೆ ಟೇಪು ಅಂಟಿಕೊಂಡಿದ್ದಂತೆಯೇ ಕಾರು ಅಂಗಡಿಯಿಂದ ಇಳಿದು ಹೋಯಿತು. ಕೆಲಸ ಮುಗಿಯದ ಕಾರನ್ನು ಹೊರಗೆ ಬಿಡುವುದಿಲ್ಲ ಎಂದು ನಾನು ಬೋರ್ಡ್ ಹಾಕಿಕೊಂಡವಳು. ಆವತ್ತು ನಾನೇ ಷಟರ್ ಪೂರ್ತಿ ಎತ್ತಿ ದಾರಿ ಬಿಟ್ಟೆ.

ಬಿಸಿಲು ಇಳಿಯುವ ಮೊದಲೇ ವಾಪಸ್ ಬಂದರು. ಡಾಕ್ಟರ್ ಡ್ರೈವ್ ಮಾಡುತ್ತಿದ್ದರು, ಮಾವ ಹಿಂದಿನ ಸೀಟಿನಲ್ಲಿದ್ದರು. ಮುಂದಿನ ಸೀಟಿನಲ್ಲಿ, ಬೆಲ್ಟ್ ಬಿಗಿದುಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವಳು. ಕಾರು ನಿಂತಿತು. ಡಾಕ್ಟರ್ ಇಳಿದರು. ಅವಳು ಇಳಿಯಲಿಲ್ಲ. ಬಾಗಿಲ ಮೇಲೆಲ್ಲ ಕೈಯಾಡಿಸುತ್ತಿದ್ದಳು. ಹೊರಗಿನಿಂದ ಆ ಬಾಗಿಲಿನ ಇಂಚಿಂಚೂ ಬಲ್ಲವಳಿಗೆ ಒಳಗಿನಿಂದ ಅದನ್ನು ತೆರೆಯುವುದು ಹೇಗೆಂದು ತಿಳಿದಿರಲಿಲ್ಲ. ಅಷ್ಟು ಕಾಲ ತೊಳೆದ ಕಾರಿನಲ್ಲಿ ಅವಳು ಕೂತದ್ದು ಅದೇ ಮೊದಲು. ಮುದುಕರು ಹಿಂದಿನಿಂದ ಬಾಗಿ, ಸೀಟಿನ ಪಕ್ಕದಿಂದ ಕೈ ಚಾಚಿ, “ಇಲ್ಲಿ ನೋಡಮ್ಮ, ಹಿಂಗೆ ಎಳಿ” ಎಂದು ತೋರಿಸಿದರು. ನನ್ನ ಕಣ್ಣು ತುಂಬಿತು. ಸ್ಪಿರಿಟ್ ವಾಸನೆಗೆ ಎಂದುಕೊಂಡು ಮೂಗೊರೆಸಿಕೊಂಡೆ.

ಕೆಳಗಿಳಿದವಳು ಬಾಗಿಲು ಮೆತ್ತಗೆ ಹಾಕಿದಳು. ಹಾಕಿದ ಜಾಗದಲ್ಲಿ ಬೆರಳಿನ ಗುರುತು ಬಿತ್ತು. ಅಭ್ಯಾಸಬಲ, ಸೊಂಟದಿಂದ ಸೆರಗು ಕಿತ್ತು ಒರೆಸಲು ಹೋದಳು.

“ಏ ಏ, ಒಣ ಬಟ್ಟೆ!” ಎಂದು ಮುದುಕರು ಕೂಗಿದರು.

ಅವಳು ನಾಲಿಗೆ ಕಚ್ಚಿಕೊಂಡಳು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. “ನೀರ ಕೊಡ್ರಿ ಅಕ್ಕಾರ” ಎಂದಳು ನನ್ನ ಕಡೆ ತಿರುಗಿ. “ಇನ್ನ ಮ್ಯಾಲೆ ನೀರ ಹಾಕೂದು ನಂದು, ಒರಸೂದು ಅಜ್ಜಾರದು. ಹಂಗ ಮಾತಾಗೈತಿ.”

ನೀರು ಕೊಟ್ಟೆ. ಕಪಾಟಿನಿಂದ ಮೆತ್ತನೆಯ ಹೊಸ ಟವೆಲ್ ತೆಗೆದು ಮುದುಕರ ಕೈಗಿಟ್ಟೆ. ಅವಳು ನೀರು ಹಾಯಿಸಿದಳು, ಅವರು ಎರಡೂ ತುದಿ ಹಿಡಿದು ಅವಳು ಹೇಳಿಕೊಟ್ಟಂತೆ ನೇರವಾಗಿ ಎಳೆದರು. ನಾನು ಟೇಪು ಕಿತ್ತು, ಬಲಭಾಗಕ್ಕೆ ಮಷಿನ್ ಹಿಡಿದೆ.